ಒಂದೇ ಊರಿನ ಇಬ್ಬರು ಗಿಬ್ಸನ್

ನನ್ನ ಮೇಜಿನ ಮೇಲೆ ಒಂದು ಪುಟ್ಟ ಬೇಸ್‌ಬಾಲ್ ಕಾರ್ಡ್ ಇದೆ. ಅಗಲ ಒಂದೂವರೆ ಇಂಚೂ ಇಲ್ಲ. ನಾಲ್ಕು ಮೂಲೆಗಳೂ ಸವೆದು ದುಂಡಗಾಗಿವೆ. ನಡುವೆ ಒಂದು ಮಡಿಕೆಯ ಗೆರೆ. ಕೆಳಗೆ ಕಂದು ಅಕ್ಷರದಲ್ಲಿ 'ಗಿಬ್ಸನ್, ಪಿಟ್ಸ್‌ಬರ್ಗ್' ಅಂತ ಬರೆದಿದೆ. ಊರಿನ ಸ್ಪೆಲಿಂಗಿನಲ್ಲಿ ಕೊನೆಯ 'ಎಚ್' ಇಲ್ಲ. ಅದು ಅಚ್ಚಿನ ತಪ್ಪಲ್ಲ. ಆಗ ಸರ್ಕಾರಿ ಕಾಗದಗಳಲ್ಲೂ ಹಾಗೇ ಬರೆಯುತ್ತಿದ್ದರು, 1911ರಲ್ಲಿ 'ಎಚ್' ವಾಪಸ್ ಬಂತು. ಕಾರ್ಡನ್ನು ತಿರುಗಿಸಿದರೆ ಹಿಂದೆ ಪೀಡ್‌ಮಾಂಟ್ ಸಿಗರೇಟಿನ ಜಾಹೀರಾತು.

ನಾವು ಪಿಟ್ಸ್‌ಬರ್ಗಿಗೆ ಬಂದು ಬಹಳ ವರ್ಷ ಆಯಿತು. ಮಗಳು ಶಾಲೆಯ ಸಾಫ್ಟ್‌ಬಾಲ್ ತಂಡದಲ್ಲಿ ಕ್ಯಾಚರ್. ಕ್ಯಾಚರ್ ಅಂದರೆ ಹೆಚ್ಚು ಕಡಿಮೆ ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ. ಅವಳನ್ನು ಆಟಕ್ಕೆ ಕರೆದುಕೊಂಡು ಹೋಗಿ ಬಂದು ಮಾಡುತ್ತಲೇ ನನಗೂ ಈ ಆಟ ಹಿಡಿಸಿತು. ಆಮೇಲೆ ಹಳೆಯ ಕಾರ್ಡ್‌ಗಳ ಹುಚ್ಚು. ಮೊದಲ ಸಲ ಮೋಸ ಹೋದೆ. ಒಬ್ಬ ಮಾರಾಟಗಾರ ಕೊಟ್ಟ ಕಾರ್ಡಿನ ಅಂಚನ್ನು ಯಾರೋ ಬ್ಲೇಡಿನಲ್ಲಿ ಕತ್ತರಿಸಿ ಚೂಪು ಮಾಡಿದ್ದರು. ನೂರು ವರ್ಷದ ಕಾಗದದ ಮೂಲೆ ಅಷ್ಟು ಚೂಪಾಗಿ ಇರಲ್ಲ ಅಂತ ನನಗೆ ಹೊಳೆಯಲೇ ಇಲ್ಲ. ಈಗ ಜೇಬಿನಲ್ಲಿ ಸ್ಕೇಲ್ ಇಟ್ಟುಕೊಂಡೇ ಹೋಗುತ್ತೇನೆ.

ಈ ಕಾರ್ಡ್‌ಗಳ ಗುಂಪಿಗೆ ಟಿ-206 ಅಂತ ಹೆಸರು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟ್ ಪ್ಯಾಕಿನ ಒಳಗೆ ಇವನ್ನು ಹಾಕಿ ಕೊಡುತ್ತಿತ್ತು. ಟಿ-206 ಅನ್ನುವ ಹೆಸರು ಕಂಪನಿ ಇಟ್ಟಿದ್ದಲ್ಲ. ಸಿರಾಕ್ಯೂಸಿನ ಜೆಫರ್ಸನ್ ಬರ್ಡಿಕ್ ಎಂಬ ಸಂಗ್ರಾಹಕರು ಇಟ್ಟಿದ್ದು. ಅವರು ಮೂರು ಲಕ್ಷಕ್ಕೂ ಜಾಸ್ತಿ ಕಾರ್ಡುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ದಾನ ಮಾಡಿದರು. ಸಂಧಿವಾತದಿಂದ ಬೆರಳು ಬಾಗದಿದ್ದರೂ ತಾವೇ ಅಲ್ಲಿ ಕೂತು ಆಲ್ಬಮ್ಮಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಸಿದರು, ಮಾರ್ಚ್‌ನಲ್ಲಿ ತೀರಿಕೊಂಡರು. ನನಗೆ ಯಾವ ಆಟಗಾರರಷ್ಟೇ ಇವರ ಮೇಲೂ ಗೌರವ.

ಟಿ-206 ಅಂದ ಕೂಡಲೇ ಎಲ್ಲರೂ ಕೇಳುವುದು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಹೆಸರಾಂತ ಆಟಗಾರ ಹೋನಸ್ ವ್ಯಾಗ್ನರ್ ಅವರ ಕಾರ್ಡಿನ ಬಗ್ಗೆ. 2021ರಲ್ಲಿ ಅಂಥದ್ದೊಂದು 66 ಲಕ್ಷ ಡಾಲರಿಗೆ ಹೋಯಿತು. ನನ್ನ ಕಾರ್ಡಿನಲ್ಲಿ ಇರುವವರು ಅದೇ ವ್ಯಾಗ್ನರ್ ತಂಡದ ಕ್ಯಾಚರ್, ಜಾರ್ಜ್ ಗಿಬ್ಸನ್. ಕೆನಡಾದವರು. ಇವರ ಸವೆದ ಕಾರ್ಡನ್ನು ನಮ್ಮಂಥವರೂ ಕೊಳ್ಳಬಹುದು.

ಜಾರ್ಜ್ ಗಿಬ್ಸನ್ ಅವರ ಜೀವಮಾನದ ಬ್ಯಾಟಿಂಗ್ ಸರಾಸರಿ 0.236. ಅಂದರೆ ಸಾವಿರ ಸಲ ಬ್ಯಾಟಿಂಗಿಗೆ ನಿಂತರೆ 236 ಹಿಟ್. ಇವತ್ತಿನ ಹುಡುಗರು ಈ ಅಂಕಿ ನೋಡಿ 'ಇಷ್ಟೇನಾ' ಅಂತಾರೆ. ಸ್ವಲ್ಪ ತಡೀರಿ ಅನ್ನುತ್ತೇನೆ ನಾನು. ಆಗ ಒಂದೇ ಚೆಂಡಿನಲ್ಲಿ ಇಡೀ ಪಂದ್ಯ ಮುಗಿಸಲು ನೋಡುತ್ತಿದ್ದರು. ಚೆಂಡು ಮಣ್ಣಾಗಿ, ಕಪ್ಪಾಗಿ, ಮೆತ್ತಗಾಗುತ್ತಿತ್ತು. ಪಿಚರ್, ಅಂದರೆ ನಮ್ಮ ಬೌಲರ್ ಇದ್ದ ಹಾಗೆ, ಅದಕ್ಕೆ ಎಂಜಲು ಹಚ್ಚಿ ಎಸೆಯಬಹುದಿತ್ತು. ಅದನ್ನು ನಿಷೇಧಿಸಿದ್ದು 1920ರಲ್ಲಿ. ಅದೇ ಕಾಲದ ಫ್ರಾಂಕ್ ಬೇಕರ್ ಅವರಿಗೆ 'ಹೋಮ್ ರನ್ ಬೇಕರ್' ಅಂತಲೇ ಹೆಸರು. ಹೋಮ್ ರನ್ ಅಂದರೆ ಹೆಚ್ಚು ಕಡಿಮೆ ನಮ್ಮ ಸಿಕ್ಸರ್. ಅವರು ಒಂದು ವರ್ಷದಲ್ಲಿ ಹೊಡೆದ ಅತಿ ಹೆಚ್ಚು ಹೋಮ್ ರನ್ ಎಷ್ಟು ಗೊತ್ತಾ? ಹನ್ನೆರಡು!

ಇನ್ನು ಕ್ಯಾಚರ್ ಕೆಲಸ ನೋಡಿ. 1909ರಲ್ಲಿ ಜಾರ್ಜ್ ಗಿಬ್ಸನ್ 150 ಪಂದ್ಯ ಆಡಿದರು. ದೊಡ್ಡ ಲೀಗಿನಲ್ಲಿ, ಅಂದರೆ ಮೇಜರ್ ಲೀಗಿನಲ್ಲಿ, ಕ್ಯಾಚರ್ ಒಬ್ಬರು ಎಲ್ಲರಿಗೂ ಕಾಣುವ ಹಾಗೆ ಕಾಲಿಗೆ ಪ್ಯಾಡ್ ಕಟ್ಟಿಕೊಂಡು ಬಂದು ಆಗಿನ್ನೂ ಎರಡು ವರ್ಷ ಆಗಿತ್ತು. ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಋತುವಿನ ಕೊನೆಯ ಫೈನಲ್ ಸರಣಿಯಲ್ಲಿ, ಪಿಟ್ಸ್‌ಬರ್ಗಿನ ಎದುರು ಇದ್ದದ್ದು ಆ ಕಾಲದ ದೊಡ್ಡ ಬ್ಯಾಟ್ಸ್‌ಮನ್ ಟೈ ಕಾಬ್ ಆಡುತ್ತಿದ್ದ ಡೆಟ್ರಾಯಿಟ್. ಕಾಬ್ ಆ ಋತುವಿನಲ್ಲಿ 76 ಬೇಸ್ ಕದ್ದಿದ್ದರು. ಬೇಸ್ ಕದಿಯುವುದು ಅಂದರೆ ಚೆಂಡನ್ನು ಯಾರೂ ಹೊಡೆಯದೇ ಇದ್ದರೂ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡುವುದು. ಬೇಸ್ ಕದಿಯುವವರನ್ನು ತಡೆಯುವುದೇ ಕ್ಯಾಚರ್‌ನ ತೋಳಿಗೆ ದೊಡ್ಡ ಪರೀಕ್ಷೆ. ಈ ಏಳು ಪಂದ್ಯಗಳಲ್ಲಿ ಕಾಬ್ ಕದ್ದದ್ದು ಎರಡೇ. ಸೀರೀಸ್ ಪಿಟ್ಸ್‌ಬರ್ಗ್ ಗೆದ್ದಿತು. 0.236 ಅನ್ನುವ ಅಂಕಿಯಲ್ಲಿ ಇದೆಲ್ಲ ಎಲ್ಲಿ ಕಾಣುತ್ತೆ ಹೇಳಿ?

ಹಾಗಾಗಿ ಒಬ್ಬ ಆಟಗಾರನನ್ನು ಅವನ ಕಾಲದ ಉಳಿದವರ ಪಕ್ಕ ನಿಲ್ಲಿಸಿ ಅಳೆಯಬೇಕು ಅಂತ ನಾನು ಬಹಳ ದಿನ ನಂಬಿಕೊಂಡಿದ್ದೆ. ಮಗಳ ಒಂದು ಪ್ರಶ್ನೆ ಆ ನಂಬಿಕೆಯನ್ನು ಅಲುಗಾಡಿಸಿತು. ಅವಳಿಗೆ ಕೋಚ್ ಜಾಷ್ ಗಿಬ್ಸನ್ ಬಗ್ಗೆ ಹೇಳಿದ್ದರಂತೆ. ಮನೆಗೆ ಬಂದವಳೇ ನನ್ನ ಕಾರ್ಡ್ ನೋಡಿ, "ಅಪ್ಪಾ, ಇಬ್ಬರೂ ಗಿಬ್ಸನ್, ಇಬ್ಬರೂ ಪಿಟ್ಸ್‌ಬರ್ಗ್, ಇಬ್ಬರೂ ಕ್ಯಾಚರ್. ಇವರು ಸಂಬಂಧಿಕರಾ?" ಅಂದಳು.

ಅಲ್ಲ. ಜಾಷ್ ಗಿಬ್ಸನ್ ಕಪ್ಪು ಜನಾಂಗದವರು. ಅವರಿಗೆ ದೊಡ್ಡ ಲೀಗಿನ ಬಾಗಿಲು ಮುಚ್ಚಿತ್ತು. ಅವರು ಆಡಿದ್ದು ಕಪ್ಪು ಆಟಗಾರರಿಗಾಗಿ ಬೇರೆಯೇ ನಡೆಯುತ್ತಿದ್ದ ನೀಗ್ರೋ ಲೀಗಿನ ಹೋಮ್‌ಸ್ಟೆಡ್ ಗ್ರೇಸ್ ಮತ್ತು ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡಗಳಿಗೆ. ಆ ರಾತ್ರಿ ಕೂತು ವರ್ಷಗಳನ್ನು ಜೋಡಿಸಿ ನೋಡಿದೆ. 1932ರಿಂದ 34ರವರೆಗೆ ಜಾರ್ಜ್ ಗಿಬ್ಸನ್ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಮ್ಯಾನೇಜರ್. ಅದೇ ವರ್ಷಗಳಲ್ಲಿ ಅದೇ ಊರಿನ ಹಿಲ್ ಡಿಸ್ಟ್ರಿಕ್ಟ್‌ನ ಗ್ರೀನ್‌ಲೀ ಫೀಲ್ಡ್‌ನಲ್ಲಿ ಜಾಷ್ ಗಿಬ್ಸನ್ ಆಡುತ್ತಿದ್ದರು. ವಯಸ್ಸು ಇಪ್ಪತ್ತರ ಆಸುಪಾಸು. ಒಂದು ತಂಡಕ್ಕೆ ಬೇಕಾದ ಕ್ಯಾಚರ್ ಕೆಲವೇ ಮೈಲಿ ದೂರದಲ್ಲಿದ್ದಾನೆ, ಕರೆಯುವ ಹಾಗಿಲ್ಲ! ಮುಂದೆ ಗ್ರೇಸ್ ತಂಡ ಪೈರೇಟ್ಸ್‌ನ ಫೋರ್ಬ್ಸ್ ಫೀಲ್ಡ್‌ನಲ್ಲೇ ಆಡಿತು. ಪೈರೇಟ್ಸ್ ಬೇರೆ ಊರಿಗೆ ಹೋದಾಗ ಮಾತ್ರ. ಬಾಡಿಗೆ ತೆಗೆದುಕೊಳ್ಳಲು ಅಡ್ಡಿ ಇರಲಿಲ್ಲ.

ಜಾಷ್ ಗಿಬ್ಸನ್ 1947ರ ಜನವರಿಯಲ್ಲಿ ತೀರಿಕೊಂಡರು. ಬರೀ 35 ವರ್ಷ. ಅದೇ ವರ್ಷ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಪರ ಮೈದಾನಕ್ಕಿಳಿದು, ಕಪ್ಪು ಆಟಗಾರರಿಗೆ ಮುಚ್ಚಿದ್ದ ದೊಡ್ಡ ಲೀಗಿನ ಬಾಗಿಲು ತೆರೆದರು. ಪೈರೇಟ್ಸ್ ತಮ್ಮ ಮೊದಲ ಕಪ್ಪು ಆಟಗಾರನನ್ನು ಆಡಿಸಿದ್ದು 1954ರಲ್ಲಿ.

ಇನ್ನು ಕಾರ್ಡಿನ ಮಾತು. 0.236 ಸರಾಸರಿಯ ಗಿಬ್ಸನ್ ಸಿಗರೇಟ್ ಪ್ಯಾಕಿನಲ್ಲಿ ದೇಶವೆಲ್ಲ ಸುತ್ತಿದರು. ಜಾಷ್ ಅವರ ಹೆಸರಾಂತ ಕಾರ್ಡ್ ಬಂದದ್ದು ಪೋರ್ಟೊರಿಕೊದಲ್ಲಿ, 'ಟೊಲೆಟೆರೋಸ್' ಅನ್ನುವ ಸೆಟ್‌ನಲ್ಲಿ, 1950-51ರಲ್ಲಿ. ಅವರು ಹೋಗಿ ಮೂರು ವರ್ಷ ಕಳೆದ ಮೇಲೆ. ಕ್ಯೂಬಾದಲ್ಲಿ 1920ರ ದಶಕದಲ್ಲೇ ಆಸ್ಕರ್ ಚಾರ್ಲ್ಸ್‌ಟನ್ ಅವರಂಥ ಕಪ್ಪು ಆಟಗಾರರ ಚಿತ್ರ ಸಿಗರೇಟ್ ಕಾರ್ಡಿನಲ್ಲಿ ಬಂದಿತ್ತು. ತಮ್ಮ ದೇಶದ ಆಟಗಾರರ ಚಿತ್ರಕ್ಕೆ ಸಮುದ್ರ ದಾಟಬೇಕಾಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ.

2024ರ ಮೇ ತಿಂಗಳಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ನೀಗ್ರೋ ಲೀಗಿನ ಅಂಕಿಅಂಶಗಳನ್ನೂ ತನ್ನ ದಾಖಲೆಗೆ ಸೇರಿಸಿತು. ಜಾಷ್ ಗಿಬ್ಸನ್ ಜೀವಮಾನದ ಬ್ಯಾಟಿಂಗ್‌ನಲ್ಲಿ 0.372 ಸರಾಸರಿಯೊಂದಿಗೆ ಕಾಬ್ ಅವರನ್ನು ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಬಂದರು. ಕಾರ್ಡ್ ಸಂಗ್ರಹಿಸುವ ನನ್ನ ಗೆಳೆಯರಲ್ಲಿ ಕೆಲವರಿಗೆ ಇದು ಇಷ್ಟವಾಗಲಿಲ್ಲ. ಕಾಬ್ ಬ್ಯಾಟಿಂಗಿಗೆ ನಿಂತದ್ದು ಹನ್ನೊಂದು ಸಾವಿರಕ್ಕೂ ಜಾಸ್ತಿ ಸಲ, ಜಾಷ್ ಎರಡು ಸಾವಿರ ಚಿಲ್ಲರೆ, ಇದು ಹೇಗೆ ಸರಿ ಅಂತ ಅವರ ವಾದ.

ಅವರ ಲೆಕ್ಕ ತಪ್ಪಲ್ಲ. ಆದರೆ ಆ ಎರಡು ಸಾವಿರ ಯಾಕೆ ಹನ್ನೊಂದು ಸಾವಿರ ಆಗಲಿಲ್ಲ? ಲೀಗ್ ಪಂದ್ಯಗಳಿಂದಷ್ಟೇ ಆ ತಂಡಗಳ ಹೊಟ್ಟೆ ತುಂಬುತ್ತಿರಲಿಲ್ಲ. ಬಸ್ಸಿನಲ್ಲಿ ಊರೂರು ಸುತ್ತಿ, ಸಿಕ್ಕಿದ ತಂಡದ ಜೊತೆ ಆಡುತ್ತಿದ್ದರು. ಆ ಆಟಗಳು ಈ ಲೆಕ್ಕಕ್ಕೆ ಬಂದಿಲ್ಲ. ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್ ಫಲಕದಲ್ಲಿ ಜಾಷ್ ಸುಮಾರು 800 ಹೋಮ್ ರನ್ ಹೊಡೆದರು ಅಂತ ಇರುವುದು ಅಂಥ ಪಂದ್ಯಗಳನ್ನೂ ಸೇರಿಸಿ. ಇನ್ನೊಂದು ಮಾತು. ಕಾಬ್ ಕೂಡ ಲೀಗಿನಲ್ಲಿ ಒಬ್ಬ ಕಪ್ಪು ಪಿಚರ್‌ನನ್ನೂ ಎದುರಿಸಲಿಲ್ಲ. ಬಾಗಿಲು ಹಾಕಿದಾಗ ಒಳಗಿದ್ದವರ ಅಂಕಿಯೂ ಅರ್ಧ ಪರೀಕ್ಷೆಯದ್ದೇ, ಅಲ್ವಾ?

ಅವರ ಕಾಲದವರ ಪಕ್ಕ ನಿಲ್ಲಿಸಿ ಅಳೆಯಬೇಕು ಅನ್ನುವ ನನ್ನ ಸೂತ್ರ ತಡವರಿಸಿದ್ದು ಇಲ್ಲೇ. ಆ ಕಾಲವನ್ನೇ ಎರಡು ತುಂಡು ಮಾಡಿದ್ದರು. ಜಾಷ್ ಕಾಬ್‌ಗಿಂತ ದೊಡ್ಡವರು ಅಂತ ನಾನು ಹೇಳುತ್ತಿಲ್ಲ. ಇಬ್ಬರ ಹೆಸರೂ ಇರುವ ಪಟ್ಟಿ, ಒಬ್ಬರದ್ದೇ ಇದ್ದ ಹಳೆಯ ಪಟ್ಟಿಗಿಂತ ನಿಜಕ್ಕೆ ಹತ್ತಿರ ಇದೆ ಅಂತ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ.

ಫೋರ್ಬ್ಸ್ ಫೀಲ್ಡ್ ಈಗಿಲ್ಲ. ಪಿಟ್ಸ್‌ಬರ್ಗಿನ ಓಕ್‌ಲ್ಯಾಂಡ್ ಬಡಾವಣೆಯಲ್ಲಿ ಅದರ ಗೋಡೆಯ ಒಂದು ಭಾಗ ಉಳಿದಿದೆ. ಪಕ್ಕದ ಪೋಸ್ವರ್ ಹಾಲ್ ಎಂಬ ವಿಶ್ವವಿದ್ಯಾಲಯದ ಕಟ್ಟಡದಲ್ಲಿ, ನೆಲದೊಳಗೆ ಗಾಜಿನ ಕೆಳಗೆ ಹೋಮ್ ಪ್ಲೇಟ್, ಅಂದರೆ ಬ್ಯಾಟರ್ ಪಕ್ಕದಲ್ಲಿ ನಿಂತು ಆಡುವ ಬಿಳಿ ಹಲಗೆ, ಇಟ್ಟಿದ್ದಾರೆ. ಜಾರ್ಜ್ ಮತ್ತು ಜಾಷ್ ಇಬ್ಬರೂ ಮಂಡಿ ಬಗ್ಗಿಸಿ ಕೂತು ಚೆಂಡು ಹಿಡಿದ ಮೈದಾನದ್ದು. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಬೇರೆ ಊರಿನಿಂದ ನಮ್ಮವರು ತುಂಬಾ ಜನ ಬರುತ್ತೀರಿ. ಬಂದಾಗ ಒಂದು ಮೆಸೇಜ್ ಹಾಕಿ. ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಈ ಕಾರ್ಡನ್ನೂ ತರುತ್ತೇನೆ.