ಗಂಗೆಯದು ಬೇರೆ, ಸಿಂಧುವಿನದು ಬೇರೆ

ಗಂಗಾ ಡಾಲ್ಫಿನ್, ಸಿಂಧೂ ಡಾಲ್ಫಿನ್ ಒಂದೇ ಜಾತಿಯ ಎರಡು ಉಪಜಾತಿಗಳು ಅಂತ ಸುಮಾರು ಎರಡು ದಶಕ ಓದಿಕೊಂಡು ಬಂದೆವು. 2021ರಲ್ಲಿ ಡಾಲ್ಫಿನ್ ಸಂಶೋಧಕಿ ಗಿಲ್ ಬ್ರೌಲಿಕ್ ಮತ್ತು ಸಂಗಡಿಗರು ಬುರುಡೆ, ಡಿಎನ್‌ಎ ಎರಡನ್ನೂ ಮುಂದಿಟ್ಟು, ಇವು ಬೇರೆ ಬೇರೆ ಜಾತಿಗಳೇ ಎಂದರು. ಈ ಕೆಲಸ ಹಿಡಿದದ್ದು ಸುಮಾರು 20 ವರ್ಷ.

ಅಷ್ಟೊಂದು ಯಾಕೆ ಅಂತೀರಾ? ಇವುಗಳ ಬುರುಡೆಯ ಚಿತ್ರ ಒಮ್ಮೆ ಹುಡುಕಿ ನೋಡಿ. ಮುಖದ ಎರಡೂ ಬದಿಯಿಂದ ರೆಕ್ಕೆಯಂಥ ಮೂಳೆ ಎದ್ದು, ಹಣೆಯ ಮೇಲೆ ಮುಂದಕ್ಕೆ ಬಾಗಿರುತ್ತದೆ. ಮೂತಿ ಇಕ್ಕಳದ ಹಾಗೆ ಉದ್ದ. ಹೆಣ್ಣಿನ ಮೂತಿ ಗಂಡಿನದಕ್ಕಿಂತ ಇನ್ನೂ ಉದ್ದ. ಮರಿಯ ಬುರುಡೆ ಬೆಳೆದದ್ದರ ಥರ ಇರುವುದಿಲ್ಲ. ಅಲ್ಲಿಯ ಒಂದು ಹೆಣ್ಣು, ಇಲ್ಲಿಯ ಒಂದು ಗಂಡು ತೆಗೆದುಕೊಂಡು ಅಳೆದರೆ ಇಲ್ಲದ ಜಾತಿಯೊಂದು ಹುಟ್ಟಿಬಿಡುತ್ತದೆ! ಬುರುಡೆಗಳಾದರೂ ಜಾಸ್ತಿ ಇವೆಯಾ? ಇರುವ ಕೆಲವೂ ದೇಶ ದೇಶಗಳ ಮ್ಯೂಸಿಯಂಗಳಲ್ಲಿ ಚದುರಿವೆ.

ತಾಯಿಯಿಂದಷ್ಟೇ ಬರುವ ಮೈಟೊಕಾಂಡ್ರಿಯದ ಡಿಎನ್‌ಎಯನ್ನು 2014ರಲ್ಲೇ ಹೋಲಿಸಿದ್ದರು. ಒಂದು ನದಿಯಲ್ಲಿ ಸಿಕ್ಕ ಬಗೆ ಇನ್ನೊಂದರಲ್ಲಿ ಸಿಗಲೇ ಇಲ್ಲ. ಬೇರೆಯಾಗಿ ಸುಮಾರು 5.5 ಲಕ್ಷ ವರ್ಷ ಆಗಿರಬಹುದು ಅಂತ ಅಂದಾಜು.

ಡಿಎನ್‌ಎ ಒಂದೇ ಸಾಕು ಅನ್ನುವವರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಚಿಕ್ಕ ಗುಂಪೊಂದು ಎಲ್ಲೋ ಸಿಕ್ಕಿಹಾಕಿಕೊಂಡರೂ ತಾಯಿ ಕಡೆಯ ಡಿಎನ್‌ಎ ಬೇರೆ ದಾರಿ ಹಿಡಿಯುತ್ತದೆ. ಮೂಳೆಯೂ ಅದೇ ಸಾಕ್ಷಿ ಹೇಳಿದಾಗಲೇ ಮಾತಿಗೆ ತೂಕ. (ನಮ್ಮ ಕರಾವಳಿಯಲ್ಲೂ ಕಾಣುವ ಗೂನುಬೆನ್ನಿನ ಡಾಲ್ಫಿನ್‌ನ ಬಳಗವನ್ನು 2014ರಲ್ಲಿ ನಾಲ್ಕು ಜಾತಿ ಮಾಡಿದ್ದೂ ಹೀಗೆ ಮೂಳೆ, ಡಿಎನ್‌ಎ ಎರಡನ್ನೂ ನೋಡಿಯೇ.)

ಇದೆಲ್ಲ ಸುಮ್ನೆ ಹೆಸರಿನ ಜಗಳ ಅಲ್ವಾ ಅಂದರೆ, ಅಲ್ಲ. 2025ರಲ್ಲಿ ಕೇಂದ್ರ ಸರ್ಕಾರ ಕೊಟ್ಟ ಲೆಕ್ಕದ ಪ್ರಕಾರ ಭಾರತದಲ್ಲಿ ನದಿ ಡಾಲ್ಫಿನ್‌ಗಳು 6,327. ಅದರಲ್ಲಿ ಸಿಂಧೂ ಡಾಲ್ಫಿನ್ ಎಷ್ಟು ಗೊತ್ತಾ? ಮೂರು. ಮೂರೂ ಪಂಜಾಬಿನ ಬಿಯಾಸ್ ನದಿಯಲ್ಲಿ. ಎಲ್ಲ ಒಂದೇ ಜಾತಿ ಅಂತಿದ್ದರೆ ಆ ಮೂರನ್ನು ಯಾರು ಕೇಳುತ್ತಿದ್ದರು? ಬೇರೆ ಜಾತಿ ಅಂದಮೇಲೆ, ನಮ್ಮ ದೇಶದಿಂದ ಒಂದು ಜಾತಿಯೇ ಕೈತಪ್ಪುವ ಹಂತದಲ್ಲಿದೆ. ಪಾಕಿಸ್ತಾನದಲ್ಲಿ ಸುಮಾರು 2,000 ಇವೆ ನಿಜ. ಆದರೆ ನಡುವೆ ಸಾಲು ಸಾಲು ಬ್ಯಾರೇಜುಗಳಿವೆ, ಅವು ಇತ್ತ ಈಜಿ ಬರುವ ಹಾಗಿಲ್ಲ.

ಪಂಜಾಬ್ 2019ರಲ್ಲಿ ಸಿಂಧೂ ಡಾಲ್ಫಿನ್ ಅನ್ನು ರಾಜ್ಯದ ಜಲಚರ ಪ್ರಾಣಿ ಅಂತ ಘೋಷಿಸಿತು. ಸಂತೋಷ. ಆದರೆ ಬಿರುದಿನಿಂದ ಹೊಟ್ಟೆ ತುಂಬಲ್ಲ. ಎರಡು ಜಾತಿ ಕೂಡಿಸಿ ಒಂದು ದೊಡ್ಡ ಸಂಖ್ಯೆ ಹೇಳುವುದನ್ನು ಮೊದಲು ನಿಲ್ಲಿಸಲಿ. ಬಿಯಾಸ್‌ಗೆ ಅಂತಲೇ ಬೇರೆ ಯೋಜನೆ, ಬೇರೆ ದುಡ್ಡು ಇಡಲಿ. ಬೇಸಿಗೆಯಲ್ಲೂ ಆ ನದಿಯಲ್ಲಿ ಡಾಲ್ಫಿನ್ ಮುಳುಗುವಷ್ಟು ನೀರು ಬಿಡಲಿ.