ಕುಂಡ ದಾಟಿದ ಮೇಲೆ ಆ ಗಿಡ ಎಲ್ಲಿಗೆ ಹೋಗುತ್ತದೆ?

ಇವತ್ತು ಬೆಳಿಗ್ಗೆ ನರ್ಸರಿಯಿಂದ ಬರಿಗೈಯಲ್ಲಿ ವಾಪಸ್ ಬಂದೆ. ನನ್ನ ಗಿಡದ ಹುಚ್ಚು ನಿಮಗೆಲ್ಲ ಗೊತ್ತು. ಹೀಗಾಗಿದ್ದು ಇದೇ ಮೊದಲು.

ನರ್ಸರಿಯವರು ಹಳದಿ ಹೂವಿನ ವೆಡೇಲಿಯಾ ಬಳ್ಳಿಯ ಒಂದು ಹಿಡಿ ಕಟಿಂಗ್ ಕೈಗಿಟ್ಟರು. ದುಡ್ಡು ಬೇಡ ಎಂದರು. "ಸುಮ್ನೆ ನೆಲಕ್ಕೆ ಚುಚ್ಚಿ ಸಾಕು, ಒಂದು ಮಳೆಗಾಲದಲ್ಲಿ ಇಡೀ ಜಾಗ ತುಂಬುತ್ತೆ. ನೀರು ಹಾಕೋದೂ ಬೇಡ, ಹುಳನೂ ಬರಲ್ಲ." ನಾನು ಕೇಳಿದೆ, "ಬೇಲಿ ದಾಟಿ ಆಚೆ ಹೋದರೆ?" ಅವರು ನಕ್ಕರು. "ಹೋದರೆ ಹೋಗಲಿ ಬಿಡಿ, ಹಸಿರು ತಾನೇ?"

ಆ ಮಾತು ಬೆಳಿಗ್ಗೆಯಿಂದ ತಲೆಯಲ್ಲೇ ಕೂತಿದೆ. ಅವರು ದಡ್ಡರಲ್ಲ. ಎಲೆಯ ಬಣ್ಣ ನೋಡಿ ಬೇರು ಕೊಳೆಯುತ್ತಿದೆ ಎಂದು ಹೇಳಬಲ್ಲವರು. ಯಾವ ಗಿಡಕ್ಕೆ ಎಷ್ಟು ಬಿಸಿಲು, ಯಾವಾಗ ಗೊಬ್ಬರ, ಎಲ್ಲ ಬಾಯಲ್ಲೇ ಇದೆ. ಆದರೆ ಕುಂಡದಿಂದ ಆಚೆ ಹೋದ ಗಿಡ ಏನು ಮಾಡುತ್ತದೆ ಎಂಬ ಪ್ರಶ್ನೆ ಅವರಿಗೆ ಒಮ್ಮೆಯೂ ಎದುರಾಗಿಲ್ಲ. ಕೊಳ್ಳುವ ನಾವೂ ಕೇಳಿಲ್ಲ. ಬೇಗ ಹಬ್ಬುತ್ತದೆ, ಹುಳ ಮುಟ್ಟಲ್ಲ, ಆರೈಕೆ ಬೇಡ. ನಾವು ಗಿಡ ಕೊಳ್ಳುವುದೇ ಈ ಗುಣಗಳಿಗಾಗಿ. ಒಂದು ಗಿಡ ಕಾಡು, ಕೆರೆಗಳನ್ನು ನುಂಗುವುದೂ ಇದೇ ಗುಣಗಳಿಂದ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಪ್ರಕಟಿಸಿದ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ವೆಡೇಲಿಯಾನೂ ಇದೆ. ಕಾಂಡದ ಒಂದೊಂದು ಗೆಣ್ಣೂ ಮಣ್ಣು ತಾಗಿದಲ್ಲಿ ಬೇರು ಬಿಡುತ್ತದೆ. ಕಿತ್ತು ಬಿಸಾಡಿದ ಚೂರು ಬಿದ್ದಲ್ಲೇ ಚಿಗುರುತ್ತದೆ.

ಜಪಾನೀಸ್ ನಾಟ್‌ವೀಡ್ ಕಥೆ ನೋಡಿ. 1847ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಅದಕ್ಕೆ ಆ ವರ್ಷದ ಹೊಸ ಅಲಂಕಾರಿಕ ಗಿಡವೆಂದು ಚಿನ್ನದ ಪದಕ ಸಿಕ್ಕಿತ್ತು. ಇವತ್ತು ಅದರ ಕಾಟ ಎಷ್ಟೆಂದರೆ, ಇಂಗ್ಲೆಂಡಿನಲ್ಲಿ ಮನೆ ಮಾರುವವರು ಆ ಗಿಡ ತಮ್ಮ ಜಾಗದಲ್ಲಿ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಬರೆದು ಕೊಡಬೇಕು. ಮೈಕೋನಿಯಾ ಎಂಬ ಮರವನ್ನು ಅದರ ದೊಡ್ಡ ಚೆಂದದ ಎಲೆಗಳಿಗಾಗಿ 1937ರಲ್ಲಿ ಟಹೀಟಿ ದ್ವೀಪದ ಒಂದು ತೋಟಕ್ಕೆ ತಂದರು. ಈಗ ದ್ವೀಪದ ಮೂರನೇ ಎರಡು ಭಾಗದಲ್ಲಿ ಅದು ಹಬ್ಬಿದೆ. ಅದರ ನೆರಳಲ್ಲಿ ಅಲ್ಲಿನ ಗಿಡಗಳು ಮೊಳೆಯುವುದೇ ಕಷ್ಟ. ಎರಡನ್ನೂ ತಂದವರು ಗಿಡಗಳನ್ನು ಪ್ರೀತಿಸುವವರೇ, ನಮ್ಮ ಹಾಗೆ. ನನಗೆ ನೋವಾಗುವುದೂ ಅದಕ್ಕೇ.

ಒಂದು ವಿಷಯ ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ. ವರ್ಷಗಳ ಹಿಂದೆ ನಾನು ತೊಟ್ಟಿಯಲ್ಲಿ ವಾಟರ್ ಹಯಸಿಂತ್ ಎಂಬ ನೀರಲ್ಲಿ ತೇಲುವ ಗಿಡ ಬೆಳೆಸಿದ್ದೆ. ನೇರಳೆ ಹೂ ನೋಡಿ ಮನಸ್ಸು ಸೋತಿತ್ತು. ತೊಟ್ಟಿ ತುಂಬಿ ಜಾಸ್ತಿಯಾದದ್ದನ್ನು ಒಂದು ಬಕೆಟ್‌ನಲ್ಲಿ ತುಂಬಿಕೊಂಡು ಹೋಗಿ ಕೆರೆಗೆ ಬಿಟ್ಟು ಬಂದೆ. ಕಸದ ಬುಟ್ಟಿಗೆ ಹಾಕಲು ಕರುಳು ಒಪ್ಪಲಿಲ್ಲ. ಬದುಕಿಕೊಳ್ಳಲಿ ಅಂದುಕೊಂಡೆ. ಬಿಸಿಲು, ಗೊಬ್ಬರದ ನೀರು ಸಿಕ್ಕರೆ ಅದು ಎರಡು ವಾರದೊಳಗೆ ಇಮ್ಮಡಿಯಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನೀರಿನ ಮೇಲೆ ಚಾಪೆ ಹಾಸಿದಂತೆ ಹರಡಿ ಬೆಳಕು ತಡೆಯುತ್ತದೆ. ಕೆಳಗೆ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ. ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ 1990ರ ದಶಕದಲ್ಲಿ ದೋಣಿಗಳು ದಡಕ್ಕೆ ಬರಲಾಗದಷ್ಟು ಹಬ್ಬಿತ್ತು. ಯುರೋಪಿನ ಒಕ್ಕೂಟ 2016ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಾನು ಬಕೆಟ್ ಹೊತ್ತು ಹೋದ ದಿನ ಇದನ್ನು ಒಬ್ಬರಾದರೂ ಹೇಳಿದ್ದರೆ!

ಈಗ ಕೆಲವರು ಕೇಳುತ್ತೀರಿ, ಡೇಲಿಯಾ ಹೊರಗಿನದಲ್ವಾ, ಬೋಗನ್‌ವಿಲ್ಲಾ ಹೊರಗಿನದಲ್ವಾ, ಎಲ್ಲ ಕಿತ್ತು ಹಾಕಬೇಕಾ ಅಂತ. ಬೇಡ. ಹೊರಗಿನಿಂದ ಬಂದು ನೆಲೆಯೂರಿದ ಗಿಡಗಳಲ್ಲಿ ಹಾನಿ ಮಾಡುವವು ಸುಮಾರು 6% ಎಂದು ವಿಶ್ವಸಂಸ್ಥೆಯ ಬೆಂಬಲದ ಜೀವವೈವಿಧ್ಯ ವೇದಿಕೆ ಐಪಿಬಿಇಎಸ್ 2023ರಲ್ಲಿ ಹೇಳಿದೆ. ಸರಿ, ಕಡಿಮೆಯೇ. ಆದರೆ ನೂರರಲ್ಲಿ ಆ ಆರು ಯಾವುವು ಎಂದು ಮಾರುವವರಿಗೂ ಗೊತ್ತಿಲ್ಲ, ಕೊಳ್ಳುವವರಿಗೂ ಗೊತ್ತಿಲ್ಲ. ನನ್ನ ಸಿಟ್ಟು ಅದರ ಮೇಲೆ.

"ಇದು ಬೀಜ ಕಟ್ಟದ ತಳಿ, ಭಯ ಇಲ್ಲ" ಎಂಬ ಮಾತನ್ನೂ ನಾನು ಇನ್ನು ನಂಬುವುದಿಲ್ಲ. ಅಮೆರಿಕದಲ್ಲಿ ಬ್ರ್ಯಾಡ್‌ಫರ್ಡ್ ಪೇರ್ ಎಂಬ ಹೂಮರವನ್ನು ಬೀದಿ ಬೀದಿಯಲ್ಲಿ ನೆಟ್ಟರು. ತನ್ನ ಪರಾಗದಿಂದ ತಾನು ಕಾಯಿ ಕಟ್ಟದ ಮರ ಅದು. ಪಕ್ಕದಲ್ಲಿ ಅದೇ ಜಾತಿಯ ಬೇರೆ ತಳಿಗಳು ಬಂದ ಕೂಡಲೇ ಕಾಯಿ ಬಿಟ್ಟಿತು. ಹಕ್ಕಿಗಳು ಬೀಜ ಹೊತ್ತೊಯ್ದವು. ಒಹಾಯೊ ರಾಜ್ಯ 2023ರಲ್ಲಿ ಅದರ ಮಾರಾಟ ನಿಲ್ಲಿಸಿತು.

"ಇಪ್ಪತ್ತು ವರ್ಷದಿಂದ ಬೆಳೆಸ್ತಿದ್ದೀನಿ, ಏನೂ ಆಗಿಲ್ಲ" ಎನ್ನುವವರೂ ಇದ್ದಾರೆ. ಜರ್ಮನಿಯ ಬ್ರಾಂಡೆನ್‌ಬರ್ಗ್‌ನಲ್ಲಿ ಹೊರಗಿನ ಮರ, ಪೊದೆಗಳ ದಾಖಲೆ ತೆಗೆದು ನೋಡಿದರು. ತಂದು ನೆಟ್ಟ ದಿನದಿಂದ ತಾನಾಗಿ ಹರಡಲು ಶುರುವಾಗುವವರೆಗೆ ಸರಾಸರಿ 147 ವರ್ಷ. ಇಪ್ಪತ್ತು ವರ್ಷ ಅದರ ಮುಂದೆ ಯಾವ ಲೆಕ್ಕ? ಅದು ಹರಡುವಾಗ ನೆಟ್ಟವರೂ ಇರುವುದಿಲ್ಲ, ಮಾರಿದವರೂ ಇರುವುದಿಲ್ಲ.

ಕಟಿಂಗ್ ವಾಪಸ್ ಕೊಟ್ಟಾಗ ಆ ನರ್ಸರಿಯವರ ಮುಖ ಸಣ್ಣದಾಯಿತು. ಪ್ರೀತಿಯಿಂದ ಕೊಟ್ಟಿದ್ದರು. ಕಾರಣ ಸರಿಯಾಗಿ ಹೇಳದೆ ಬಂದೆ, ಅದು ನನ್ನ ತಪ್ಪು. ನಾಳೆ ಮತ್ತೆ ಹೋಗುತ್ತೇನೆ. ನೀರು ಎಷ್ಟು, ಬಿಸಿಲು ಎಷ್ಟು ಎಂದು ಪ್ರತಿ ಗಿಡದ ಮುಂದೆ ಚೀಟಿ ಸಿಕ್ಕಿಸಿದ್ದಾರಲ್ಲ, ಅದರಲ್ಲಿ ಕುಂಡ ದಾಟಿದರೆ ಈ ಗಿಡ ಏನು ಮಾಡುತ್ತದೆ ಎಂಬ ಇನ್ನೊಂದು ಸಾಲು ಸೇರಿಸಲು ಕೇಳಬೇಕು. ಚೀಟಿ ಬರೆಯಲು ನಾನೇ ಕೂರುತ್ತೇನೆ. ವೆಡೇಲಿಯಾದಿಂದಲೇ ಶುರು.