ಒಗೆಯದ ಸ್ವೆಟರ್

ಹೊಸ ಪ್ಯಾಂಟನ್ನು ಹಳೇದು ಮಾಡೋದು ನನ್ನ ಹೊಟ್ಟೆಪಾಡು. ಬಳ್ಳಾರಿ ಜೀನ್ಸ್ ಅಂದ್ರೆ ಎಲ್ಲರಿಗೂ ಹೊಲಿಗೆ ನೆನಪಾಗುತ್ತದೆ. ಹೊಲಿದಾದ ಮೇಲೆ ಇನ್ನೊಂದು ಕತೆ ಇದೆ, ಅದು ನಮ್ಮಂಥ ವಾಷಿಂಗ್ ಯೂನಿಟ್‌ಗಳಲ್ಲಿ ನಡೆಯುತ್ತದೆ. ಗಾಳಿ ತುಂಬಿದ ರಬ್ಬರ್ ಕಾಲಿಗೆ ಪ್ಯಾಂಟ್ ತೊಡಿಸಿ ತೊಡೆ ಮೇಲೆ ಸ್ಯಾಂಡ್ ಪೇಪರ್ ಉಜ್ಜುತ್ತೇವೆ. ಮೊಣಕಾಲಿಗೆ ಸಣ್ಣ ಗ್ರೈಂಡರ್ ಹಿಡಿಯುತ್ತೇವೆ. ಸ್ವಲ್ಪ ಜಾಸ್ತಿ ಒತ್ತಿದರೆ ಆರಪಾರ ತೂತು, ಪೀಸ್ ರಿಜೆಕ್ಟ್. ನೀಲಿ ಹಾಸು (ಉದ್ದ ನೂಲು) ಸವೆದು ಹೋಗಬೇಕು, ಬಿಳಿ ಹೊಕ್ಕು (ಅಡ್ಡ ನೂಲು) ಎಳೆ ಎಳೆಯಾಗಿ ಉಳಿಯಬೇಕು. ಆಗ ಅದಕ್ಕೆ ರೇಟು. ನಾವು ಇದನ್ನು ಡ್ಯಾಮೇಜ್ ಕೆಲಸ ಅಂತೀವಿ. ಸರಿಯಾಗಿರೋ ಪ್ಯಾಂಟಿಗಿಂತ ಡ್ಯಾಮೇಜ್ ಪ್ಯಾಂಟಿಗೆ ದುಡ್ಡು ಜಾಸ್ತಿ ಅಂತ ಹೇಳಿದರೆ ನಮ್ಮವ್ವ ಇವತ್ತಿಗೂ ನಂಬಲ್ಲ.

ಗ್ರೈಂಡರ್ ಹಿಡಿಯೋ ಹುಡುಗನಿಗೆ ಇಪ್ಪತ್ತು ಇರಬಹುದು. ಕೈ ಬಹಳ ಚೊಕ್ಕ. ಹೋದ ವಾರ ಮಂಡಕ್ಕಿ ಒಗ್ಗರಣೆ ತಿನ್ನುತ್ತಾ ಕೂತಿದ್ದಾಗ ಮೊಬೈಲ್ ತಂದು ಮುಂದೆ ಹಿಡಿದ. ಒಂದು ರೀಲ್. ಕೆದರಿದ ಕೂದಲು, ಹರಿದ ಜೀನ್ಸ್, ಹಿಂದೆ ಅಳು ಬರಿಸೋ ಮ್ಯೂಸಿಕ್. ಮೇಲೆ ದೊಡ್ಡದಾಗಿ 27 ಅಂತ ಬರೆದಿದ್ದಾರೆ. ಕರ್ಟ್ ಕೋಬೇನ್, ಅಮೆರಿಕದ ನಿರ್ವಾಣ ಅನ್ನೋ ರಾಕ್ ಬ್ಯಾಂಡಿನ ಹಾಡುಗಾರ. 27ನೇ ವಯಸ್ಸಿಗೇ ತನ್ನ ಜೀವ ತಾನೇ ತೆಗೆದುಕೊಂಡವನು.

"ಅಣ್ಣ, ನೀವು ಡ್ರಮ್ಸ್ ಬಾರಿಸ್ತಿದ್ರಂತಲ್ಲ, ಇವನು ಗೊತ್ತಾ? ಸತ್ರೆ ಹಿಂಗ ಸಾಯಬೇಕು ನೋಡಣ್ಣ. ಲೆಜೆಂಡ್."

ಬಾಯಲ್ಲಿದ್ದ ಮಿರ್ಚಿ ಗಂಟಲಿಗೆ ಸಿಕ್ಕಿತು. ಖಾರಕ್ಕಲ್ಲ. ಇಪ್ಪತ್ತು ವರ್ಷದ ಹಿಂದೆ ಇದೇ ಊರಲ್ಲಿ, ಹೆಚ್ಚುಕಮ್ಮಿ ಇದೇ ಮಾತನ್ನು ನಮ್ಮ ಗಿಟಾರ್‌ನವನು ಹೇಳಿದ್ದ. ಆಗ ಹೌದು ಹೌದು ಅಂತ ತಲೆ ಆಡಿಸಿದವನು ನಾನೇ.

ಹುಡುಗನಿಗೆ ಅವತ್ತು ಸರಿಯಾಗಿ ಉತ್ತರ ಹೇಳೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಟೈಮ್ ಇದ್ದವರು ಓದಿ.

ಮೊದಲೇ ಹೇಳಿಬಿಡ್ತೀನಿ, ನನಗೆ ಕೋಬೇನ್ ಇಷ್ಟ. ಇವತ್ತಿಗೂ ಬೈಕ್ ಮೇಲೆ ಹೋಗುವಾಗ ಅವನ ಹಾಡನ್ನೇ ಗುನುಗುತ್ತೀನಿ. 1991ರ ಸೆಪ್ಟೆಂಬರಲ್ಲಿ ನಿರ್ವಾಣದ 'ನೆವರ್‌ಮೈಂಡ್' ಆಲ್ಬಂ ಬಂತು. 1992ರ ಜನವರಿ ಹೊತ್ತಿಗೆ ಅದು ಅಮೆರಿಕದ ಪಟ್ಟಿಯಲ್ಲಿ ಮೈಕಲ್ ಜಾಕ್ಸನ್‌ನನ್ನು ಕೆಳಗಿಳಿಸಿ ಮೊದಲನೇ ಜಾಗದಲ್ಲಿ ಕೂತಿತ್ತು. ಆಗ ಕರ್ಟ್ ಬದುಕಿದ್ದ. ಇದನ್ನು ಒತ್ತಿ ಹೇಳ್ತೀನಿ, ಬದುಕಿದ್ದ. ಅವನು ದೊಡ್ಡವನಾಗಿದ್ದು ಸತ್ತ ಮೇಲಲ್ಲ.

ಜಿಮಿ ಹೆಂಡ್ರಿಕ್ಸ್‌ನದೂ ಅದೇ ಲೆಕ್ಕ. ಎಡಗೈಯವನು. ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿದು, ತಂತಿ ಬದಲಿಸಿಕೊಂಡು ಬಾರಿಸಿದ. ಹೆಸರು ಬರುವ ಮೊದಲು ವರ್ಷಗಟ್ಟಲೆ ಬೇರೆಯವರ ಹಿಂದೆ ನಿಂತು ಬಾರಿಸಿದವನು. 1967 ಮತ್ತು 1968, ಈ ಎರಡು ವರ್ಷದಲ್ಲಿ ಮೂರು ಸ್ಟುಡಿಯೋ ಆಲ್ಬಂ ಕೊಟ್ಟ. ಆಮೇಲೆ ಗಿಟಾರ್ ಹಿಡಿದವರು ಯಾರೂ ಅವನನ್ನು ಕೇಳದ ಹಾಗೆ ಬಾರಿಸೋಕೆ ಆಗಲಿಲ್ಲ. 1970ರಲ್ಲಿ ಸತ್ತ ಅನ್ನೋದು ಈ ಕೆಲಸಕ್ಕೆ ಏನನ್ನೂ ಸೇರಿಸಲ್ಲ. ಎಂಬತ್ತು ವರ್ಷ ಬದುಕಿ, ಸಕ್ಕರೆ ಕಾಯಿಲೆ ಬಂದು, ಮೊಮ್ಮಕ್ಕಳ ಹತ್ತಿರ ಬೈಸಿಕೊಂಡು ಸತ್ತಿದ್ದರೂ ಅವನು ಅವನೇ.

ಇನ್ನೊಂದು ಕಡೆ ನೋಡಿ, ಸಿಡ್ ವಿಶಿಯಸ್. ಸೆಕ್ಸ್ ಪಿಸ್ಟಲ್ಸ್ ಬ್ಯಾಂಡಿನ ಬಾಸ್ ಗಿಟಾರಿಸ್ಟ್ ಅಂತ ಹೆಸರು. ಅವರ ಇರೋ ಒಂದೇ ಒಂದು ಸ್ಟುಡಿಯೋ ಆಲ್ಬಂನಲ್ಲಿ ಬಾಸ್ ಬಹುಪಾಲು ಬಾರಿಸಿದ್ದು ಬೇರೆಯವನು. ಹೆಚ್ಚಿನ ಹಾಡುಗಳನ್ನು ಕಟ್ಟುವುದರಲ್ಲಿ ಕೈ ಇದ್ದದ್ದು ಸಿಡ್‌ಗಿಂತ ಮೊದಲು ಬ್ಯಾಂಡಲ್ಲಿದ್ದ ಗ್ಲೆನ್ ಮ್ಯಾಟ್ಲಾಕ್‌ನದು. ಗ್ಲೆನ್ ಯಾರು ಅಂತ ಕೇಳಿ ನೋಡಿ, ನೂರರಲ್ಲಿ ಒಬ್ಬರಿಗೂ ಗೊತ್ತಿರಲ್ಲ. ಟೀ ಶರ್ಟ್ ಮೇಲೆ ಇರೋದು ಸಿಡ್ ಮುಖ. 1979ರ ಫೆಬ್ರವರಿಯಲ್ಲಿ, 21ನೇ ವಯಸ್ಸಲ್ಲಿ, ಹೆರಾಯಿನ್‌ನಿಂದ ಸತ್ತ. ಆಗ ಅವನು ಜಾಮೀನಿನ ಮೇಲಿದ್ದ. ಜೊತೆಗಿದ್ದ ಹುಡುಗಿ ನ್ಯಾನ್ಸಿ ಸ್ಪಂಜೆನ್‌ಳನ್ನು ಇರಿದು ಕೊಂದ ಆರೋಪ. ಅವಳಿಗೆ 20 ವರ್ಷ. ವಿಚಾರಣೆ ನಡೆಯುವ ಮೊದಲೇ ಅವನು ಹೋದ, ಕೇಸೂ ಹೋಯಿತು. ಅವನ ಪೋಸ್ಟರ್ ಹಚ್ಚಿಕೊಳ್ಳೋರಿಗೆ ಆ ಹುಡುಗಿ ಬರೀ ಕತೆಯಲ್ಲಿ ಬರೋ ಒಂದು ಪಾತ್ರ. ನನಗೆ ಹೊಟ್ಟೆ ಉರಿಯೋದು ಇಲ್ಲಿ. ನೋವು ತಿಂದ ಕಲಾವಿದ ಅಂತ ಒಂದು ಸಲ ಹೆಸರು ಬಿದ್ದರೆ ಆಯ್ತು, ಅವನು ಯಾರಿಗೆ ನೋವು ಕೊಟ್ಟ ಅಂತ ಯಾರೂ ಕೇಳಲ್ಲ.

ಆ 27ರ ವಿಷಯಕ್ಕೆ ಬರೋಣ. ಬ್ರಯಾನ್ ಜೋನ್ಸ್, ಹೆಂಡ್ರಿಕ್ಸ್, ಜಾನಿಸ್ ಜಾಪ್ಲಿನ್, ಜಿಮ್ ಮಾರಿಸನ್, ಕೋಬೇನ್, 2011ರಲ್ಲಿ ಏಮಿ ವೈನ್‌ಹೌಸ್. ಎಲ್ಲರೂ ಹೆಸರು ಮಾಡಿದ ಸಂಗೀತಗಾರರು, ಸತ್ತಾಗ ಎಲ್ಲರಿಗೂ ಇಪ್ಪತ್ತೇಳು. ಏನೋ ಶಾಪ ಇದ್ದಂಗೆ ಕಾಣುತ್ತೆ, ಅಲ್ವಾ? ಅದೇ 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂತು. ಬ್ರಿಟನ್ನಿನಲ್ಲಿ ನಂಬರ್ ಒನ್ ಆಲ್ಬಂ ಕೊಟ್ಟ 1,046 ಸಂಗೀತಗಾರರ ಲೆಕ್ಕ ತೆಗೆದಿದ್ದರು. 27ಕ್ಕೆ ಏನೂ ವಿಶೇಷ ಇಲ್ಲ. ಆದರೆ ಇಪ್ಪತ್ತರಿಂದ ನಲವತ್ತರ ಒಳಗೆ ಅವರು ಸಾಯೋದು ಸಾಮಾನ್ಯ ಜನರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಅಂದ್ರೆ ಶಾಪ ಇಲ್ಲ, ಕೆಲಸದ ಜಾಗದಲ್ಲಿ ಅಪಾಯ ಇದೆ. ನಮ್ಮ ಯೂನಿಟ್‌ನಲ್ಲಿ ಧೂಳು, ಬ್ಲೀಚ್ ಇದ್ದ ಹಾಗೆ ಅಲ್ಲಿ ಹೆರಾಯಿನ್, ಕುಡಿತ, ನಿದ್ದೆಗೆಟ್ಟ ಊರೂರು ತಿರುಗಾಟ. ನಾವು ಮಾಸ್ಕ್ ಹಾಕ್ಕೊಳ್ಳಿ ಅಂತ ಬೈತೀವಿ. ಅವರಿಗೆ ಚಪ್ಪಾಳೆ ಹೊಡೀತೀವಿ.

ಈಗ ನಮ್ಮ ಗಿಟಾರ್‌ನವನ ಕತೆ. ಹೆಸರು ಬೇಡ. ಅವನ ಅಮ್ಮ ಇನ್ನೂ ಇದ್ದಾರೆ.

ಕಾಲೇಜಿನಲ್ಲಿ ನಾವು ನಾಲ್ಕು ಜನ. ಗಾಂಧಿನಗರದಲ್ಲಿ ಅವನ ಮನೆ ಮಹಡಿ ಮೇಲೆ ಒಂದು ಶೀಟಿನ ರೂಮು. ಬಳ್ಳಾರಿಯಲ್ಲಿ ಎರಡೇ ಕಾಲ ಅಂತಾರಲ್ಲ, ಬೇಸಿಗೆ ಮತ್ತು ಕಡು ಬೇಸಿಗೆ, ಆ ಎರಡರಲ್ಲೂ ಅಲ್ಲೇ ಪ್ರಾಕ್ಟೀಸ್. ಮೊದಲನೇ ತಂತಿ ಹರಿದರೆ ಬೆಂಗಳೂರಿಗೆ ಹೋಗೋರು ಯಾರಾದರೂ ಸಿಗೋವರೆಗೂ ಐದೇ ತಂತಿಯಲ್ಲಿ ಬಾರಿಸಬೇಕು. ಅವನು ಅದಕ್ಕೆ ತಕ್ಕಂತೆ ಬೆರಳು ಬದಲಿಸಿಕೊಂಡು ಬಾರಿಸುತ್ತಿದ್ದ. ಕಣ್ಣು ಮುಚ್ಚಿ ಕೇಳಿದರೆ ಐದೋ ಆರೋ ಗೊತ್ತಾಗುತ್ತಿರಲಿಲ್ಲ. ನಿಜವಾದ ಕೈ ಅದು. ಗೋಡೆ ಮೇಲೆ ಕೋಬೇನ್ ಫೋಟೋ, ಬಣ್ಣದ ಪ್ರಿಂಟ್ ಅಲ್ಲ, ಸೈಬರ್ ಕೆಫೆಯಲ್ಲಿ ತೆಗೆಸಿದ ಕಪ್ಪು ಬಿಳುಪು. ನಮ್ಮ ಬ್ಯಾಂಡ್ ಒಟ್ಟು ಮೂರು ಕಾರ್ಯಕ್ರಮ ಕೊಟ್ಟಿತು. ಮೂರನೆಯದು ಒಂದು ಮದುವೆ ರಿಸೆಪ್ಶನ್. ಅರ್ಧದಲ್ಲೇ ಹುಡುಗಿ ಕಡೆಯವರು ಬಂದು ಸಿನಿಮಾ ಹಾಡು ಬರಲ್ವೇನ್ರಪ್ಪ ಅಂದರು.

ಆಮೇಲೆ ಎಲ್ಲರೂ ಕೆಲಸಕ್ಕೆ ಹೋದೆವು. ಅವನು ಆರ್ಕೆಸ್ಟ್ರಾ ಸೇರಿದ. ಗಣೇಶನ ಹಬ್ಬ, ಜಾತ್ರೆ, ರಸಮಂಜರಿ. ಕುಡಿಯೋದು ಶುರುವಾಗಿದ್ದು ಯಾವಾಗ ಅಂತ ನನಗೆ ಗೊತ್ತು, ಯಾಕಂದ್ರೆ ನಾವೇ ಜೊತೆಗಿದ್ದೆವು. ಜಾಸ್ತಿಯಾಗಿದ್ದು ಯಾವಾಗ ಅಂತ ಗೊತ್ತಿಲ್ಲ. ನೋಡಿದಾಗಲೆಲ್ಲ "ಆರ್ಟಿಸ್ಟ್ ಅಲ್ವಾ, ಇರುತ್ತೆ ಬಿಡು" ಅಂತಿದ್ವಿ. ಈ ಒಂದು ಮಾತು ಎಷ್ಟು ಸಲ ಹೇಳಿದ್ದೀನೋ. ಅದೇ ಅವನು ಲಾರಿ ಡ್ರೈವರ್ ಆಗಿದ್ದಿದ್ದರೆ ಕೀ ಕಿತ್ತುಕೊಳ್ಳುತ್ತಿದ್ದೆವು.

29ಕ್ಕೆ ಹೋದ. ಕಾಮಾಲೆ ಅಂದರು, ಲಿವರ್ ಅಂದರು.

ಅದೇ ವರ್ಷ ಗಣೇಶನ ಹಬ್ಬಕ್ಕೆ ಒಂದು ಪೆಂಡಾಲ್ ಪಕ್ಕ ಫ್ಲೆಕ್ಸ್ ನಿಲ್ಲಿಸಿದ್ದರು. ಅವನ ಅಕ್ಕನ ಮದುವೆ ಆಲ್ಬಂನಿಂದ ಕತ್ತರಿಸಿದ ಫೋಟೋ. ಕೆಳಗೆ ಸಂಗೀತ ಲೋಕದ ಧ್ರುವತಾರೆ ಅಂತ. ಮೈಕ್ ಹಿಡಿದು ಅತ್ತವನು ಅವನ ಮೂರು ಪ್ರೋಗ್ರಾಮಿನ ಪೇಮೆಂಟ್ ಕೊಡದೆ ಓಡಾಡಿಸಿದವನು. ನೋವು ಇತ್ತು, ಅದಕ್ಕೇ ಕೈಯಲ್ಲಿ ಆ ನಾದ ಇತ್ತು ಅಂತ ಒಬ್ಬರು ಭಾಷಣ ಮಾಡಿದರು. ನಾನೂ ಚಪ್ಪಾಳೆ ಹೊಡೆದೆ, ಸುಳ್ಳು ಯಾಕೆ ಹೇಳಲಿ.

ಹಬ್ಬ ಮುಗಿದ ಮೇಲೆ ಅವನ ಮನೆಗೆ ಹೋಗಿದ್ದೆ. ಅವರಮ್ಮ ಚಹಾ ಕೊಟ್ಟು ಕೂತರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಅವನು ಗಿಟಾರ್ ಮುಟ್ಟಿ ಎರಡು ವರ್ಷ ಆಗಿತ್ತಪ್ಪ. ಕೈ ನಡುಗ್ತಿತ್ತು. ಮಾರಿಬಿಟ್ಟಿದ್ದ. ನಿಮಗ್ಯಾರಿಗೂ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ನಾವು ಧ್ರುವತಾರೆ ಅಂದ ಮನುಷ್ಯ ಎರಡು ವರ್ಷದಿಂದ ಒಂದು ಸ್ವರ ಬಾರಿಸಿರಲಿಲ್ಲ. ಕುಡಿತ ಅವನಿಗೆ ಸಂಗೀತ ಕೊಟ್ಟಿರಲಿಲ್ಲ. ಇದ್ದದ್ದನ್ನು ತಿಂದಿತ್ತು, ಮೊದಲು ಕೈ, ಆಮೇಲೆ ಅವನನ್ನು.

ಇದಾದ ಮೇಲೆ ನನಗೆ ಕೋಬೇನ್ ಬೇರೆ ಥರ ಕೇಳಿಸತೊಡಗಿದ. 1993ರ ನವೆಂಬರ್ 18ಕ್ಕೆ ನ್ಯೂಯಾರ್ಕಿನಲ್ಲಿ ನಿರ್ವಾಣ ಟೀವಿ ಕಾರ್ಯಕ್ರಮಕ್ಕೆ ರೆಕಾರ್ಡ್ ಮಾಡಿದ 'ಅನ್‌ಪ್ಲಗ್ಡ್' ಇದೆಯಲ್ಲ, ಅದನ್ನು ನಾವೆಲ್ಲ ಸಾವಿನ ಮನೆಯ ಹಾಡಿನ ಹಾಗೆ ಕೇಳ್ತಿದ್ವಿ. ಸ್ಟೇಜ್ ಮೇಲೆ ಲಿಲ್ಲಿ ಹೂವು, ಮೇಣದಬತ್ತಿ, ಐದು ತಿಂಗಳೊಳಗೆ ಅವನಿಲ್ಲ. ಈಗ ಕೇಳಿದರೆ ನನಗೆ ಕಾಣೋದು ಕೆಲಸ. ಜನ ಕೇಳೋ ದೊಡ್ಡ ಹಿಟ್ ಹಾಡನ್ನು ಬಿಟ್ಟ. ಬೇರೆಯವರ ಆರು ಹಾಡು ಆರಿಸಿದ. ಯಾರೂ ಕೇಳಿರದ ಸಣ್ಣ ಬ್ಯಾಂಡಿನವರನ್ನು ಕರೆದು ಪಕ್ಕ ಕೂರಿಸಿಕೊಂಡ. ಇದು ಸಾಯೋಕೆ ಹೊರಟವನ ಲಕ್ಷಣ ಅಲ್ಲ, ಕೈಗೆ ಕೆಲಸ ಗೊತ್ತಿದ್ದವನ ಲಕ್ಷಣ. ಡ್ರಮ್ಸ್‌ನವನು ಬ್ರಷ್ ಹಿಡಿದು ಎಷ್ಟು ಮೆತ್ತಗೆ ಬಾರಿಸಿದ್ದಾನೆ ನೋಡಿ. ಅವನು ಡೇವ್ ಗ್ರೋಲ್. ಆಮೇಲೆ ಗಿಟಾರ್ ಹಿಡಿದು ಬೇರೆ ಬ್ಯಾಂಡ್ ಕಟ್ಟಿದ, ಇವತ್ತಿಗೂ ಹಾಡ್ತಾನೆ. ಡ್ರಮ್ಸ್‌ನವರ ಬಗ್ಗೆ ನಾನು ಪಕ್ಷಪಾತಿ, ಒಪ್ಕೋತೀನಿ.

ಕರ್ಟ್ ಹೋದದ್ದು 1994ರ ಏಪ್ರಿಲ್ 5, ಅಮೆರಿಕದ ಸಿಯಾಟಲ್‌ನಲ್ಲಿ. ಗೊತ್ತಾಗಿದ್ದು 8ಕ್ಕೆ, ಮನೆಗೆ ಲೈಟ್ ಹಾಕೋಕೆ ಬಂದ ಎಲೆಕ್ಟ್ರಿಷಿಯನ್‌ಗೆ. ವರ್ಷಗಟ್ಟಲೆ ಹೊಟ್ಟೆನೋವಿತ್ತು, ಹೆರಾಯಿನ್ ಚಟ ಇತ್ತು, ಕೆಲವೇ ದಿನದ ಹಿಂದೆ ಚಿಕಿತ್ಸೆ ಕೇಂದ್ರ ಬಿಟ್ಟು ಬಂದಿದ್ದ. ಇದರಲ್ಲಿ ರೀಲ್ ಮಾಡೋ ಅಂಥದ್ದು ಏನಿದೆ? ಎಂಟು ವರ್ಷದ ಮೇಲೆ, ಅದೇ ಸಿಯಾಟಲ್‌ನಲ್ಲಿ, ಅದೇ ಏಪ್ರಿಲ್ 5ಕ್ಕೆ ಆಲಿಸ್ ಇನ್ ಚೈನ್ಸ್ ಬ್ಯಾಂಡಿನ ಲೇನ್ ಸ್ಟೇಲಿ ಸತ್ತ. 34 ವರ್ಷ. ಎರಡು ವಾರ ಯಾರಿಗೂ ಗೊತ್ತೇ ಆಗಲಿಲ್ಲ. ನನ್ನ ಕಿವಿಗೆ ಅವನು ಕರ್ಟ್‌ಗಿಂತ ಒಳ್ಳೆ ಹಾಡುಗಾರ. ಆದರೆ ಅವನು ನಿಧಾನಕ್ಕೆ ಕರಗಿ ಹೋದ. ನಿಧಾನಕ್ಕೆ ಹೋಗೋರಿಗೆ ನಮ್ಮಲ್ಲಿ ಪೋಸ್ಟರ್ ಇಲ್ಲ.

ನಮ್ಮಲ್ಲೂ ಚಿಕ್ಕ ವಯಸ್ಸಲ್ಲಿ ಹೋದವರನ್ನು ತಲೆ ಮೇಲೆ ಹೊತ್ತುಕೊಳ್ತೀವಲ್ಲ ಅಂತ ನೀವು ಕೇಳಬಹುದು. ಶಂಕರ್ ನಾಗ್ 1990ರಲ್ಲಿ ಹೋದಾಗ ಬರೀ 35. ಇವತ್ತಿಗೂ ಬಳ್ಳಾರಿಯ ಆಟೋ ಹಿಂದೆ ಅವರ ಮುಖ ಇದೆ. ಆದರೆ ಸತ್ರೆ ಶಂಕ್ರಣ್ಣನ ಥರ ಸಾಯಬೇಕು ಅಂತ ಒಬ್ಬ ಆಟೋದವನಾದರೂ ಹೇಳಿದ್ದು ಕೇಳಿದ್ದೀರಾ? ಆಟೋದವರು ಹೇಳೋದು ಶಂಕ್ರಣ್ಣನ ಥರ ದುಡೀಬೇಕು ಅಂತ.

ದರೋಜಿ ಈರಮ್ಮನವರ ಹೆಸರು ನಮ್ಮ ಯೂನಿಟ್ ಹುಡುಗರಿಗೆ ಗೊತ್ತಿಲ್ಲ. ಸಂಡೂರು ತಾಲ್ಲೂಕು, ಇಲ್ಲೇ ಪಕ್ಕ. ಅಲೆಮಾರಿ ಬುಡ್ಗ ಜಂಗಮರ ಹೆಣ್ಣುಮಗಳು. ಓದು ಬರಹ ಇಲ್ಲ. ಹನ್ನೆರಡು ಬುರ್ರಕಥೆ ಕಾವ್ಯ (ವಾದ್ಯದ ಜೊತೆ ಹಾಡಿ ಹೇಳೋ ಕತೆ) ಬಾಯಲ್ಲೇ ಇತ್ತು. ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. 2014ರಲ್ಲಿ ಎಂಬತ್ತು ದಾಟಿ ತೀರಿಕೊಂಡರು. ಹಸಿವು ಅವರಿಗೂ ಗೊತ್ತಿತ್ತು, ನಮಗಿಂತ ಜಾಸ್ತಿ ಗೊತ್ತಿತ್ತು. ಅದನ್ನು ಯಾರೂ ಟೀ ಶರ್ಟ್ ಮೇಲೆ ಹಾಕಲಿಲ್ಲ.

ಇನ್ನೊಂದು ವಿಷಯ, ಇದು ನನ್ನ ಕಸುಬಿಗೆ ಸಂಬಂಧಪಟ್ಟಿದ್ದು. ಅನ್‌ಪ್ಲಗ್ಡ್‌ನಲ್ಲಿ ಕರ್ಟ್ ಹಾಕಿದ್ದ ಆ ಹಸಿರು ಸ್ವೆಟರ್ 2019ರಲ್ಲಿ ಹರಾಜಿಗೆ ಬಂತು. ಒಂದು ಗುಂಡಿ ಇಲ್ಲ. ಸಿಗರೇಟಿನಿಂದ ಸುಟ್ಟ ತೂತು ಇದೆ. ಕಲೆ ಹಾಗೇ ಇದೆ. ಒಗೆದೇ ಇಲ್ಲ ಅನ್ನೋದನ್ನೇ ಹೇಳಿ ಮಾರಿದರು. ಹೋಗಿದ್ದು 3,34,000 ಡಾಲರಿಗೆ. ದಿನಕ್ಕೆ ಸಾವಿರಾರು ಪೀಸ್ ಒಗೆಯೋ ನನಗೆ ಆ ಸುದ್ದಿ ಓದಿ ನಗು ಬಂತು, ಆಮೇಲೆ ಒಂಥರಾ ಆಯ್ತು. ಅವನು ಹರಿದ ಬಟ್ಟೆ ಹಾಕಿದ್ದು ಮೊದಲು ದುಡ್ಡಿಲ್ಲದೆ. ಅದೇ ತೂತನ್ನು ನಾವಿಲ್ಲಿ ಗ್ರೈಂಡರ್ ಹಿಡಿದು ಮಾಡ್ತಿದ್ದೀವಿ.

ಮೊನ್ನೆ ಆ ಹುಡುಗನನ್ನು ಕರೆದು ಕೂರಿಸಿಕೊಂಡೆ. ಭಾಷಣ ಮಾಡಲಿಲ್ಲ. ಮನಸ್ಸಿಗೆ ಏನಾದರೂ ಭಾರ ಇದೆಯಾ ಅಂತ ನೇರವಾಗಿ ಕೇಳಿದೆ. ಇಲ್ಲಣ್ಣ ಸುಮ್ನೆ ಅಂದೆ ಅಂದ. ನಂಬಿದೆ, ಆದರೂ ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಸರ್ಕಾರ ಇಟ್ಟಿರೋ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅವನ ಮೊಬೈಲಿಗೆ ಸೇವ್ ಮಾಡಿದೆ. ದುಡ್ಡು ಖರ್ಚಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಆಮೇಲೆ ನನ್ನ ಫೋನಲ್ಲಿ ಅನ್‌ಪ್ಲಗ್ಡ್ ಹಾಕಿದೆ. ಇಡೀ ಊಟದ ಹೊತ್ತು ಕೇಳಿದ. ಮಾತು ಅರ್ಥ ಆಗಲಿಲ್ಲ, ದನಿ ಚೆನ್ನಾಗೈತೆ ಅಂದ.

ಆಮೇಲೆ ಕೇಳಿದ, "ಇವನಿಗೆ ಮಕ್ಕಳಿದ್ರಾ ಅಣ್ಣ?"

ಒಬ್ಬ ಮಗಳು ಅಂದೆ. ಅವನು ಹೋದಾಗ ಒಂದು ವರ್ಷ ಏಳು ತಿಂಗಳು.

"ಈಗ?"

ಈಗ ದೊಡ್ಡವಳಾಗಿದ್ದಾಳೆ. 2024ರಲ್ಲಿ ಅವಳಿಗೂ ಗಂಡು ಮಗು ಆಯ್ತು.

ಹುಡುಗ ಬೆರಳಲ್ಲಿ ಏನೋ ಲೆಕ್ಕ ಹಾಕಿದ. "ಅಂದ್ರೆ ಇದ್ದಿದ್ರೆ ತಾತ ಆಗಿರ್ತಿದ್ದ," ಅಂದ. ಮಂಡಕ್ಕಿ ಪೊಟ್ಟಣ ಮುದ್ದೆ ಮಾಡಿ ಎಸೆದು, ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಗ್ರೈಂಡರ್ ಹತ್ತಿರ ಹೋದ. ಸಂಜೆಯೊಳಗೆ ನಾಲ್ಕುನೂರು ಪೀಸ್ ಆಗಬೇಕಿತ್ತು.